ಧಾರ್ಮಿಕ ವಿಡಂಬನೆ (ಪುತ್ತೂರು, ಸುಳ್ಯ, ಕಡಬ ಪರಿಸರ)

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಲ್ಲಿ ಪುರೋಹಿತರು, ಸನ್ಯಾಸಿಗಳು, ಶಾಸ್ತ್ರಪ್ರಮಾಣ, ಯಮಲೋಕ ಮತ್ತು ನರಕ ಇವುಗಳನ್ನು ನಗೆಯ ವಸ್ತುವನ್ನಾಗಿ ಮಾಡಿಕೊಳ್ಳುವ ಹಳೆಯ ಸಂಪ್ರದಾಯವೊಂದು ಇದೆ. ತೆಂಕುತಿಟ್ಟಿನ ಯಕ್ಷಗಾನದ ಹಾಸ್ಯ, ತಾಳಮದ್ದಳೆಯ ವಾದ ಮತ್ತು ಸುಗ್ಗಿ ತಿಂಗಳ ಸಿದ್ಧವೇಷ ಇದರ ಮುಖ್ಯ ರೂಪಗಳು. ಆಧುನಿಕ ಸಾಹಿತ್ಯದಲ್ಲಿ ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರ ಬರಹಗಳು ಬೇರೊಂದು ದಾರಿಯಿಂದ ಇದೇ ಪ್ರಶ್ನೆಗಳನ್ನು ಎತ್ತಿದವು. ಈ ವಿಡಂಬನೆಯು ಧರ್ಮದ ಹೊರಗೆ ನಿಂತು ಮಾಡಿದ ಟೀಕೆಯಲ್ಲ. ಅದು ಹರಕೆಯ ಆಟದ ನಡುವೆ, ದೇವರಿಗೆ ದೀಪ ಹಚ್ಚಿದ ಮೇಲೆ, ಅದಕ್ಕೆಂದೇ ನೇಮಕಗೊಂಡ ಕಲಾವಿದನ ಬಾಯಿಂದ ಬರುತ್ತದೆ. ಈ ಅಂಶವನ್ನು ಗಮನಿಸದೆ ಕೇವಲ ನಗೆಮಾತುಗಳನ್ನು ಆರಿಸಿ ನೋಡಿದರೆ ಸಂಪ್ರದಾಯದ ಸ್ವರೂಪ ತಿಳಿಯುವುದಿಲ್ಲ.

ಪರಿಸರ

ಪುತ್ತೂರು ಮಹಾಲಿಂಗೇಶ್ವರ ದೇವಾಲಯದಿಂದಲೂ ಏಪ್ರಿಲ್ ತಿಂಗಳ ಜಾತ್ರೆಯಿಂದಲೂ ಹೆಸರಾದ ಊರು. ಸುಳ್ಯವು ಕೊಡಗು ಮತ್ತು ಕಾಸರಗೋಡುಗಳಿಗೆ ತಾಗಿಕೊಂಡಿದೆ. ಕಡಬವು ಹಿಂದಿನ ಪುತ್ತೂರು ಮತ್ತು ಸುಳ್ಯ ತಾಲೂಕುಗಳ ಭಾಗಗಳನ್ನು ಸೇರಿಸಿ ಇತ್ತೀಚೆಗೆ ರಚಿತವಾದ ತಾಲೂಕು. ಕುಕ್ಕೆ ಸುಬ್ರಹ್ಮಣ್ಯ ಕ್ಷೇತ್ರ ಈಗ ಅದರೊಳಗಿದೆ. ಇಲ್ಲಿನ ಜನ ತುಳು, ಅರೆಭಾಷೆ, ಹವ್ಯಕ ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ ಇತ್ಯಾದಿ ಮನೆಮಾತುಗಳನ್ನು ಆಡುತ್ತಾರೆ. ಶಾಲೆ, ಕಚೇರಿ ಮತ್ತು ಯಕ್ಷಗಾನದ ಭಾಷೆ ಮಾತ್ರ ಬಹುಮಟ್ಟಿಗೆ ಕನ್ನಡ. ಮನೆಮಾತಿಗೂ ರಂಗದ ಮಾತಿಗೂ ಇರುವ ಈ ಅಂತರವೇ ಹಾಸ್ಯಗಾರನಿಗೆ ದೊರೆತ ದೊಡ್ಡ ಬಂಡವಾಳ. ಗ್ರಾಂಥಿಕ ಕನ್ನಡದಲ್ಲಿ ಮಾತನಾಡುವ ದೇವೇಂದ್ರನ ಮುಂದೆ ಅವನು ಹಟ್ಟಿಯ, ತೋಟದ, ಅಡುಗೆಮನೆಯ ಮಾತಿನಲ್ಲಿ ಉತ್ತರ ಕೊಟ್ಟರೆ ಸ್ವರ್ಗವು ಒಮ್ಮೆಲೇ ಊರಿನ ಅಂಗಳಕ್ಕೆ ಇಳಿಯುತ್ತದೆ.

ಹಾಸ್ಯಗಾರನ ಸ್ಥಾನ

ಯಕ್ಷಗಾನ ಮೇಳಗಳ ತಿರುಗಾಟ ದೀಪಾವಳಿಯ ನಂತರ ಆರಂಭವಾಗಿ ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯವರೆಗೆ ನಡೆಯುತ್ತದೆ. ಧರ್ಮಸ್ಥಳ, ಕಟೀಲು ಮೊದಲಾದ ಕ್ಷೇತ್ರಗಳ ಮೇಳಗಳ ಆಟಗಳು ಹರಕೆಯ ಆಟಗಳು. ರೋಗ ಗುಣವಾದಾಗ, ಮನೆ ಕಟ್ಟಿದಾಗ, ಮಕ್ಕಳಾದಾಗ ಭಕ್ತರು ಆಟ ಆಡಿಸುತ್ತಾರೆ. ವೇಷ ಕಟ್ಟುವ ಚೌಕಿಯಲ್ಲಿ ಗಣಪತಿಗೆ ಪೂಜೆಯಾಗದೆ ಆಟ ಆರಂಭವಾಗುವುದಿಲ್ಲ. ಹೀಗೆ ಪೂಜೆಯ ಚೌಕಟ್ಟಿನೊಳಗೇ ಪೂಜಾರಿಯನ್ನು ಅಣಕಿಸುವ ಪಾತ್ರವೂ ಬರುತ್ತದೆ.

ಮೇಳದಲ್ಲಿ ಹಾಸ್ಯಗಾರನದು ಪ್ರತ್ಯೇಕ ಸ್ಥಾನ. ಒಂದೇ ರಾತ್ರಿಯಲ್ಲಿ ಅವನು ದೂತ, ಬ್ರಾಹ್ಮಣ, ಮುದುಕಿ, ಬೇಹಿನವ, ಅಗಸ ಹೀಗೆ ಹಲವು ವೇಷಗಳನ್ನು ಮಾಡಬೇಕಾಗುತ್ತದೆ. ರಾಜವೇಷಧಾರಿಗೆ ತನ್ನ ಪಾತ್ರ ತಿಳಿದಿದ್ದರೆ ಸಾಕು. ಹಾಸ್ಯಗಾರನಿಗೆ ಇಡೀ ಪ್ರಸಂಗದ ನಡೆ ತಿಳಿದಿರಬೇಕು. ಕಥೆ ಎಲ್ಲಿ ಸಡಿಲವಾಗಿದೆ, ಭಾಗವತರು ಎಲ್ಲಿ ಪದ್ಯ ಎತ್ತಿಕೊಳ್ಳುತ್ತಾರೆ ಎಂಬ ಅರಿವು ಬೇಕು. ನಗಿಸುವುದು ಅವನ ಕೆಲಸದ ಅರ್ಧ ಮಾತ್ರ. ತೆಂಕುತಿಟ್ಟಿನಲ್ಲಿ ವಿಟ್ಲ ಗೋಪಾಲಕೃಷ್ಣ ಜೋಶಿ, ಪೆರುವಡಿ ನಾರಾಯಣ ಭಟ್ಟ, ಬಂಟ್ವಾಳ ಜಯರಾಮ ಆಚಾರ್ಯ ಮೊದಲಾದವರು ಈ ವಿಭಾಗದಲ್ಲಿ ಖ್ಯಾತರಾದರು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸಂಗತಿಯಿದೆ. ಪ್ರಸಂಗವೆಂದು ಅಚ್ಚಾಗಿರುವ ಪುಸ್ತಕದಲ್ಲಿರುವುದು ಹಾಡುಗಳು ಮಾತ್ರ. ಮಾತೆಲ್ಲವೂ ರಂಗದಲ್ಲೇ ಹುಟ್ಟುವ ಆಶುಭಾಷಣ. ಆದ್ದರಿಂದ ಪುರೋಹಿತನ ಅಣಕ, ಚಿತ್ರಗುಪ್ತನ ತಮಾಷೆ ಇವೆಲ್ಲ ಗ್ರಂಥದಲ್ಲಿ ಸಿಗುವುದಿಲ್ಲ. ಗ್ರಂಥವನ್ನು ಮಾತ್ರ ಓದಿದವರಿಗೆ ಯಕ್ಷಗಾನವು ಭಕ್ತಿಪ್ರಧಾನವಾಗಿ ಕಾಣುತ್ತದೆ. ಆಟ ನೋಡಿದವರಿಗೆ ಭಕ್ತಿಯ ಪಕ್ಕದಲ್ಲೇ ಕುಳಿತ ನಗೆಯೂ ಕಾಣುತ್ತದೆ. ಯಕ್ಷಗಾನದ ಚರಿತ್ರೆ ಬರೆದವರು ಪದ್ಯಗಳಿಗೆ ಕೊಟ್ಟಷ್ಟು ಗಮನವನ್ನು ಈ ಮಾತುಗಳಿಗೆ ಕೊಡಲಿಲ್ಲವೆಂಬುದು ನಿಜ. ಆದರೆ ತಪ್ಪು ಪೂರ್ತಿ ಅವರದಲ್ಲ, ಬೆಳಗಾಗುವಷ್ಟರಲ್ಲಿ ಆ ಮಾತುಗಳೇ ಕರಗಿಹೋಗಿರುತ್ತಿದ್ದವು.

ಪುರೋಹಿತ ಪಾತ್ರಗಳು

ದಕ್ಷಯಜ್ಞ ಪ್ರಸಂಗದಲ್ಲಿ ಯಜ್ಞಕ್ಕೆ ಹೊರಟ ಬ್ರಾಹ್ಮಣರ ಸನ್ನಿವೇಶ ಹಾಸ್ಯಗಾರರ ಕೈಯಲ್ಲಿ ಪ್ರಸಿದ್ಧವಾಯಿತು. ಕಥೆಯ ದೃಷ್ಟಿಯಿಂದ ಅವರ ಕೆಲಸ ಸಣ್ಣದು: ತಂದೆಯ ಮನೆಯಲ್ಲಿ ಯಜ್ಞ ನಡೆಯುತ್ತಿದೆ ಎಂಬ ಸುದ್ದಿ ದಾಕ್ಷಾಯಿಣಿಗೆ ತಿಳಿಯುವಂತಾಗಬೇಕು. ಆದರೆ ರಂಗದಲ್ಲಿ ಇದು ದೀರ್ಘ ದೃಶ್ಯ. ಮಂತ್ರಕ್ಕಿಂತ ದಕ್ಷಿಣೆಯ ಲೆಕ್ಕ ಚೆನ್ನಾಗಿ ಬಲ್ಲ, ನಡೆಯಲಾರದಿದ್ದರೂ ಊಟಕ್ಕೆ ತಡವಾಗುವುದನ್ನು ಸಹಿಸಲಾರದ ಮುದಿ ಬ್ರಾಹ್ಮಣ ಇಲ್ಲಿ ಕಾಣಿಸಿಕೊಳ್ಳುತ್ತಾನೆ. ಅವನು ಆಡುವುದು ಹೆಚ್ಚಾಗಿ ಹವ್ಯಕ ಕನ್ನಡ. ಪುತ್ತೂರು, ಸುಳ್ಯ ಭಾಗದ ಪ್ರೇಕ್ಷಕರಲ್ಲಿಯೂ ಕಲಾವಿದರಲ್ಲಿಯೂ ಹವ್ಯಕರ ಸಂಖ್ಯೆ ದೊಡ್ಡದು. ಎಂದರೆ, ಪೌರೋಹಿತ್ಯವನ್ನು ಬಲ್ಲ ಸಮುದಾಯದ ಕಲಾವಿದನೇ, ಅದೇ ಸಮುದಾಯದವರ ಮುಂದೆ, ಅದೇ ಮನೆಮಾತಿನಲ್ಲಿ ಪುರೋಹಿತನನ್ನು ನಗೆಗೀಡು ಮಾಡುತ್ತಿದ್ದ. ಬೆಳಗ್ಗೆ ಶ್ರಾದ್ಧ ಮಾಡಿಸಿದವರು ರಾತ್ರಿ ಆಟದ ಮುಂದಿನ ಸಾಲಿನಲ್ಲಿ ಕುಳಿತು ನಗುತ್ತಿದ್ದರು.

ಹರಿಶ್ಚಂದ್ರ ಕಥೆಯ ನಕ್ಷತ್ರಿಕ ಇನ್ನೊಂದು ಬಗೆಯ ಪಾತ್ರ. ವಿಶ್ವಾಮಿತ್ರನ ಸಾಲ ವಸೂಲಿಗಾಗಿ ಹರಿಶ್ಚಂದ್ರನ ಬೆನ್ನು ಹತ್ತುವ ಈತನು ರಾಘವಾಂಕನ ಕಾವ್ಯದಿಂದಲೂ ಕನ್ನಡಿಗರಿಗೆ ಪರಿಚಿತ. ಕಾಲು ನೋವೆಂದು ಕುಳಿತುಬಿಡುವುದು, ಹಸಿವೆಂದು ರಂಪ ಮಾಡುವುದು, ಗುರುವಿನ ಹೆಸರು ಹೇಳಿ ಹೆದರಿಸುವುದು ಅವನ ವರಸೆ. ಪ್ರೇಕ್ಷಕರು ಅವನನ್ನು ಕಂಡು ನಗುತ್ತಾರೆ, ಆದರೆ ಆ ನಗೆ ಪೂರ್ಣ ಹಗುರವಾಗಿರುವುದಿಲ್ಲ. ತಪಸ್ವಿಯ ಅಧಿಕಾರವು ಸತ್ಯವಂತನೊಬ್ಬನನ್ನು ಹೇಗೆ ಹಿಂಡಬಲ್ಲದು ಎಂಬುದು ಅದೇ ದೃಶ್ಯದಲ್ಲಿ ಕಾಣುತ್ತಿರುತ್ತದೆ. ನಕ್ಷತ್ರಿಕನನ್ನು ಬರಿಯ ಕೋಡಂಗಿಯನ್ನಾಗಿ ಮಾಡುವ ಕಲಾವಿದನಿಗಿಂತ, ಅವನಲ್ಲಿ ವಸೂಲಿಗಾರನ ಕ್ರೌರ್ಯವನ್ನೂ ತೋರಿಸುವವನು ಪಾತ್ರವನ್ನು ಹೆಚ್ಚು ಅರಿತವನೆನ್ನಬೇಕು.

ನರಕ ಮತ್ತು ಯಮಲೋಕ

ಪುರಾಣಗಳಲ್ಲಿ ನರಕದ ವರ್ಣನೆ ವಿಸ್ತಾರವಾಗಿದೆ. ಭಾಗವತದ 5ನೆಯ ಸ್ಕಂಧದ ಕೊನೆಯ ಅಧ್ಯಾಯದಲ್ಲಿ ಶುಕಮುನಿಯು ಪರೀಕ್ಷಿತನಿಗೆ ತಾಮಿಸ್ರ, ರೌರವ, ಕುಂಭೀಪಾಕ, ಕಾಲಸೂತ್ರ, ಅಸಿಪತ್ರವನ ಮೊದಲಾದ 28 ನರಕಗಳನ್ನೂ ಯಾವ ಪಾಪಕ್ಕೆ ಯಾವುದೆಂಬುದನ್ನೂ ಹೇಳುತ್ತಾನೆ. ಗರುಡಪುರಾಣದಲ್ಲಿ ಸತ್ತವನ ಜೀವವು ಯಮಪುರಿಗೆ ಸಾಗುವ ದಾರಿ, ವೈತರಣಿ ನದಿ, ಅದನ್ನು ದಾಟಲು ಗೋದಾನ ಇವುಗಳ ವಿವರವಿದೆ. ಸೂತಕದ ದಿನಗಳಲ್ಲಿ ಇದನ್ನು ಓದಿಸುವ ವಾಡಿಕೆಯೂ ಇದೆ.

ಗೋದಾನಕ್ಕೆ ಹಸುವಿನ ಬದಲು ತೆಂಗಿನಕಾಯಿ, ಹಣ ಕೊಡುವ ಪದ್ಧತಿ ಬಂದಮೇಲೆ, ನದಿ ದಾಟಲು ಹಿಡಿಯುವ ಬಾಲ ಯಾವುದೆಂಬ ಪ್ರಶ್ನೆ ನಗೆಗೆ ವಸ್ತುವಾಗುವುದು ಸಹಜ. ಯಮನ ಸಭೆಯನ್ನು ತಾಲೂಕು ಕಚೇರಿಯಂತೆ ಕಾಣುವುದು ಹಾಸ್ಯದ ಇನ್ನೊಂದು ಜಾಡು. ಚಿತ್ರಗುಪ್ತನು ಶಾನುಭೋಗ, ಪಾಪಪುಣ್ಯಗಳ ಕಡತ ಗೆದ್ದಲು ಹಿಡಿದಿದೆ, ಒಂದೇ ಹೆಸರಿನ ಇಬ್ಬರಲ್ಲಿ ತಪ್ಪಿದವನನ್ನು ದೂತರು ಎಳೆದು ತಂದಿದ್ದಾರೆ. ಹೀಗೆ ಭಯದ ಲೋಕವು ಜನರಿಗೆ ಚೆನ್ನಾಗಿ ಪರಿಚಯವಿರುವ ಕಾಯುವಿಕೆಯ ಲೋಕವಾಗುತ್ತದೆ. ಶ್ವೇತಕುಮಾರ ಚರಿತ್ರೆಯಲ್ಲಿ ಬರುವ ಪ್ರೇತದ ಪಾತ್ರವಂತೂ ಹಾಸ್ಯಗಾರರ ಪಾಲಿನದೇ. ಸತ್ತವನು ರಂಗಕ್ಕೆ ಬಂದು ಕುಣಿದು ನಗಿಸುತ್ತಾನೆ.

ಪುರಾಣಕರ್ತರಿಗೇ ಇಂತಹ ನಗೆ ಅಪರಿಚಿತವಲ್ಲ. ಭಾಗವತದ 6ನೆಯ ಸ್ಕಂಧದ ಅಜಾಮಿಳನು ಆಯುಷ್ಯವೆಲ್ಲ ದುರ್ಮಾರ್ಗದಲ್ಲಿ ಕಳೆದು, ಸಾಯುವಾಗ ಮಗನನ್ನು ನಾರಾಯಣ ಎಂದು ಕರೆಯುತ್ತಾನೆ. ಅಷ್ಟರಿಂದಲೇ ವಿಷ್ಣುದೂತರು ಬಂದು ಯಮದೂತರನ್ನು ತಡೆದು ಧರ್ಮದ ಅರ್ಥವನ್ನು ಕುರಿತು ಪ್ರಶ್ನಿಸುತ್ತಾರೆ. ಪಾಶ ಹಿಡಿದುಕೊಂಡು ಬರಿಗೈಯಲ್ಲಿ ಹಿಂದಿರುಗಿದ ದೂತರು ತಮ್ಮ ಒಡೆಯನ ಬಳಿ, ಲೋಕಕ್ಕೆ ಎಷ್ಟು ಮಂದಿ ದಂಡಾಧಿಕಾರಿಗಳಿದ್ದಾರೆ ಎಂದು ಕೇಳುತ್ತಾರೆ. ಈ ಭಾಗವನ್ನು ಗಂಭೀರವಾಗಿ ಓದಿದರೂ ತುಟಿಯಂಚಿನಲ್ಲಿ ನಗು ಬಾರದಿರದು.

ಇನ್ನೂ ಒಂದು ಕಾರಣದಿಂದ ಈ ಪ್ರದೇಶದಲ್ಲಿ ನರಕದ ಭಯ ತೆಳುವಾಗಿತ್ತೆಂದು ತೋರುತ್ತದೆ. ತುಳುವರ ನಂಬಿಕೆಯಲ್ಲಿ ಸತ್ತವರು ದೂರದ ಯಾತನಾಲೋಕಕ್ಕೆ ಹೋಗಿ ಸೇರುವವರಲ್ಲ. ಅವರು ಕುಲೆಗಳಾಗಿ ಮನೆಯ ಸುತ್ತಲೇ ಇರುತ್ತಾರೆ, ಆಟಿ ತಿಂಗಳಲ್ಲಿ ಅವರಿಗೆ ಬಡಿಸಬೇಕು, ಮದುವೆಯಾಗದೆ ಸತ್ತವರಿಗೆ ಮದುವೆಯನ್ನೂ ಮಾಡಬೇಕು. 2024ರಲ್ಲಿ ಪುತ್ತೂರಿನ ಕುಟುಂಬವೊಂದು ಸುಮಾರು 30 ವರ್ಷಗಳ ಹಿಂದೆ ಶಿಶುವಾಗಿದ್ದಾಗಲೇ ತೀರಿಕೊಂಡ ಮಗಳಿಗೆ, ಅಷ್ಟೇ ಹಿಂದೆ ತೀರಿಕೊಂಡ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ನೀಡಿತು. ಈ ಸುದ್ದಿ ದೇಶವೆಲ್ಲ ಹರಡಿ ಹೊರಗಿನವರು ನಕ್ಕರು. ಊರಿನವರಿಗೆ ಅದು ನಗುವ ವಿಷಯವಾಗಿರಲಿಲ್ಲ. ಯಮದೂತನನ್ನು ಕಂಡು ನಗುವ ಜನರೇ ಕುಲೆಯ ಮದುವೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಯಮನು ಪುರಾಣದವನು, ಕುಲೆಯು ಮನೆಯ ಮಗಳು.

ತಾಳಮದ್ದಳೆಯಲ್ಲಿ ದೇವರ ವಿಚಾರಣೆ

ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತು ಅರ್ಥ ಹೇಳುವ ತಾಳಮದ್ದಳೆಯು ಪುತ್ತೂರು, ಸುಳ್ಯ ಮತ್ತು ನೆರೆಯ ಕಾಸರಗೋಡಿನಲ್ಲಿ ಬಹಳ ಬೆಳೆದ ಕಲೆ. ಮಳೆಗಾಲದಲ್ಲಿ ಮೇಳಗಳು ನಿಂತಾಗ ಮನೆಗಳ ಚಾವಡಿಗಳಲ್ಲಿಯೂ ದೇವಾಲಯಗಳಲ್ಲಿಯೂ ಇದು ನಡೆಯುತ್ತದೆ. ಇಲ್ಲಿನ ವಿಡಂಬನೆ ಹಾಸ್ಯಗಾರನದಕ್ಕಿಂತ ಹರಿತವಾದದ್ದು, ಏಕೆಂದರೆ ಇಲ್ಲಿ ಗುರಿ ಪುರೋಹಿತನಲ್ಲ, ಅವತಾರಪುರುಷನೇ.

ವಾಲಿವಧೆಯಲ್ಲಿ ಬಾಣ ತಾಗಿ ಬಿದ್ದ ವಾಲಿಯು ಮರೆಯಲ್ಲಿ ನಿಂತು ಹೊಡೆದ ರಾಮನನ್ನು ಪ್ರಶ್ನಿಸುತ್ತಾನೆ. ನಿನಗೂ ನನಗೂ ಏನು ವೈರ, ಮರೆ ಏಕೆ ಬೇಕಾಯಿತು, ಕಪಿಗೆ ಮನುಷ್ಯರ ಧರ್ಮಶಾಸ್ತ್ರ ಅನ್ವಯಿಸುವುದಾದರೆ ಮೃಗವೆಂದು ಹೊಡೆದೆನೆಂಬ ಸಮಾಧಾನ ಹೇಗೆ ನಿಂತೀತು, ಇತ್ಯಾದಿ ಪ್ರಶ್ನೆಗಳಿಗೆ ರಾಮನ ಅರ್ಥಧಾರಿಯು ಅಲ್ಲಿಯೇ ಉತ್ತರ ಕೊಡಬೇಕು. ಉತ್ತರ ತಡವರಿಸಿದರೆ ಸಭೆಗೆ ತಿಳಿಯುತ್ತದೆ. ರಾಮನಾದ ಮಾತ್ರಕ್ಕೆ ಅಲ್ಲಿ ಗೆಲುವಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣ, ಮಾಗಧ ಮುಂತಾದ ಪ್ರತಿನಾಯಕರ ಅರ್ಥಗಳಿಂದ ಈ ವಿಚಾರಣೆಗೆ ಅಸಾಧಾರಣ ಎತ್ತರ ತಂದವರು. ಅವರ ವಾಲಿಯನ್ನು ಕೇಳಲು ದೂರದ ಊರುಗಳಿಂದ ಜನ ಬರುತ್ತಿದ್ದುದು ರಾಮನ ಮೇಲಿನ ಭಕ್ತಿ ಕಡಿಮೆಯಾಗಿ ಅಲ್ಲ. ರಾಮನು ಇಷ್ಟು ಕಠಿಣ ಪ್ರಶ್ನೆಗಳನ್ನು ದಾಟಿ ಬರುತ್ತಾನೆಯೇ ಎಂಬ ಕುತೂಹಲದಿಂದ.

ರಾಜಸೂಯ ಪ್ರಸಂಗದ ಶಿಶುಪಾಲ ಇನ್ನೂ ವಿಚಿತ್ರ. ಅಗ್ರಪೂಜೆಗೆ ಕೃಷ್ಣನನ್ನು ಆರಿಸಿದ್ದನ್ನು ಕಂಡು ಅವನು ದೇವರ ಹುಟ್ಟು, ಕಸುಬು, ನಡತೆ ಒಂದನ್ನೂ ಬಿಡದೆ ಜರೆಯುತ್ತಾನೆ. 100 ಅಪರಾಧಗಳನ್ನು ಕ್ಷಮಿಸುವೆನೆಂದು ಕೃಷ್ಣನೇ ಅತ್ತೆಗೆ ಮಾತು ಕೊಟ್ಟಿರುವುದರಿಂದ ನಿಂದೆಗೆ ಪುರಾಣದ ಅನುಮತಿಯೇ ಇದ್ದಂತಾಯಿತು. ಕೊನೆಗೆ ಬೈದವನ ತೇಜಸ್ಸು ಕೃಷ್ಣನಲ್ಲೇ ಸೇರುತ್ತದೆ. ಸಂಪ್ರದಾಯವು ಇದನ್ನು ವೈರಭಕ್ತಿ ಎಂದು ಕರೆದಿದೆ. ದೇವರನ್ನು ಬೈಯುವವನಿಗೂ ಮುಕ್ತಿಯಲ್ಲಿ ಪಾಲು ಇಟ್ಟ ಮತಚಿಂತನೆಯಲ್ಲಿ ದೇವದೂಷಣೆ ಎಂಬ ಅಪರಾಧದ ಕಲ್ಪನೆ ಗಟ್ಟಿಯಾಗಿ ಬೇರೂರದಿದ್ದುದು ಆಶ್ಚರ್ಯವಲ್ಲ.

ಸಿದ್ಧವೇಷ

ಸುಳ್ಯ ಪರಿಸರದ ಗೌಡ ಸಮುದಾಯದವರು ಸುಗ್ಗಿ ತಿಂಗಳ ಹುಣ್ಣಿಮೆಯ ಸುಮಾರಿಗೆ ರಾತ್ರಿ ಮನೆಮನೆಗೆ ಹೋಗಿ ನಡೆಸುವ ಕುಣಿತ ಸಿದ್ಧವೇಷ. ಬೆಳ್ತಂಗಡಿ ಭಾಗದಲ್ಲಿ ಇದನ್ನೇ ಹೋಲುವ ಪುರುಷ ವೇಷವಿದೆ. ತಂಡದಲ್ಲಿ ಸನ್ಯಾಸಿ, ಭಟ್ಟರು, ದಾಸಯ್ಯ ಮೊದಲಾದ ವೇಷಗಳಿರುತ್ತವೆ. ಸನ್ಯಾಸಿಯು ಆಶೀರ್ವದಿಸುವುದು, ಭಟ್ಟರು ಮಂತ್ರದಂತೆ ಕೇಳುವ ಅರ್ಥವಿಲ್ಲದ ಮಾತು ಹೇಳುವುದು ನಗೆಗೆಂದೇ ಇದ್ದರೂ, ತಂಡ ಅಂಗಳಕ್ಕೆ ಬಂದರೆ ಮನೆಗೆ ಒಳಿತೆಂಬ ನಂಬಿಕೆಯೂ ಇದೆ. ಸಿದ್ಧ ಎಂಬ ಹೆಸರಿನಿಂದಾಗಿ ಇದಕ್ಕೂ ನಾಥಪಂಥಕ್ಕೂ ಸಂಬಂಧ ಕಲ್ಪಿಸುವುದುಂಟು. ಕರಾವಳಿಯಲ್ಲಿ ಕದ್ರಿಯ ಜೋಗಿ ಮಠ ಆ ಪಂಥದ ಪ್ರಮುಖ ನೆಲೆ.

ಶಿವರಾಮ ಕಾರಂತ

ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು (1902–1997) ತಮ್ಮ ಬದುಕಿನ ದೀರ್ಘ ಕಾಲವನ್ನು ಪುತ್ತೂರಿನಲ್ಲಿ ಕಳೆದರು. ಪರ್ಲಡ್ಕದ ಬಾಲವನ ಅವರ ಪ್ರಯೋಗಶಾಲೆಯಾಗಿತ್ತು. ಯಕ್ಷಗಾನವನ್ನು ಆಳವಾಗಿ ಅಭ್ಯಾಸ ಮಾಡಿದ ಅವರ ಯಕ್ಷಗಾನ ಬಯಲಾಟ ಎಂಬ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ದೇವದೂತರು ಅವರ ಆರಂಭಕಾಲದ ವಿಡಂಬನಾತ್ಮಕ ಕೃತಿ. 1968ರ ಮೂಕಜ್ಜಿಯ ಕನಸುಗಳು ಕಾದಂಬರಿಯಲ್ಲಿ ಹಳ್ಳಿಯ ವಿಧವೆ ಅಜ್ಜಿಯೊಬ್ಬಳು ಮೊಮ್ಮಗ ಸುಬ್ಬರಾಯನೊಡನೆ ದೇವರುಗಳ ಹುಟ್ಟು, ಅವತಾರ, ಸನ್ಯಾಸ, ಸ್ತ್ರೀಪುರುಷ ಸಂಬಂಧ ಇವನ್ನೆಲ್ಲ ಮುಚ್ಚುಮರೆಯಿಲ್ಲದೆ ಮಾತನಾಡುತ್ತಾಳೆ. 1977ರ ಜ್ಞಾನಪೀಠ ಪ್ರಶಸ್ತಿ ಈ ಕೃತಿಯ ಹೆಸರಿನಲ್ಲಿ ಬಂದಿತು.

ಹಾಸ್ಯಗಾರನಿಗೂ ಕಾರಂತರಿಗೂ ಒಂದು ವ್ಯತ್ಯಾಸವಿದೆ. ಹಾಸ್ಯಗಾರನು ನಕ್ಕು ಮುಗಿಸಿ ಮಂಗಳಾರತಿಗೆ ಕೈಮುಗಿಯುತ್ತಾನೆ. ಮೂಕಜ್ಜಿಯು ಕೈಮುಗಿಯಲು ಕಾರಣ ಕೇಳುತ್ತಾಳೆ. ಆದರೂ ಅಂತಹ ಮಾತುಗಳನ್ನು ಊರು ಅಜ್ಜಿಯ ಬಾಯಿಂದ ಸಹಿಸಿಕೊಂಡೀತು ಎಂಬ ಭರವಸೆ ಕಾರಂತರಿಗೆ ಬಂದದ್ದು ಇದೇ ಪರಿಸರದಿಂದ ಇರಬಹುದು.

ಅನ್ಯ ದೇಶಗಳ ಉದಾಹರಣೆಗಳು

ಮಧ್ಯಯುಗದ ಯೂರೋಪಿನಲ್ಲಿ ವರ್ಷಕ್ಕೊಮ್ಮೆ ಕೆಳದರ್ಜೆಯ ಪಾದ್ರಿಗಳು ಬಿಷಪ್ಪರನ್ನು ಅಣಕಿಸುವ ಮೂರ್ಖರ ಹಬ್ಬವಿತ್ತು. ಇಟಲಿಯ ಕವಿ ಡಾಂಟೆಯು ತನ್ನ ನರಕದ ವರ್ಣನೆಯಲ್ಲಿ ಪೋಪ್ 3ನೆಯ ನಿಕೋಲಸ್‌ನನ್ನು ತಲೆಕೆಳಗಾಗಿ ಗುಂಡಿಯಲ್ಲಿ ನಿಲ್ಲಿಸಿದನು. ಇತ್ತೀಚಿನ ಉದಾಹರಣೆ 2011ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡ ದಿ ಬುಕ್ ಆಫ್ ಮಾರ್ಮನ್ ಎಂಬ ಸಂಗೀತ ನಾಟಕ. ಜೋಸೆಫ್ ಸ್ಮಿತ್ 1830ರಲ್ಲಿ ಪ್ರಕಟಿಸಿದ ಮಾರ್ಮನ್ ಧರ್ಮಗ್ರಂಥ, ಅದರ ಯುವ ಪ್ರಚಾರಕರು, ಕನಸಿನಲ್ಲಿ ಕಾಣುವ ನರಕ ಇವು ಅಲ್ಲಿ ಗೇಲಿಗೊಳಗಾಗುತ್ತವೆ. ಮಾರ್ಮನ್ ಚರ್ಚು ಇದಕ್ಕೆ ಗದ್ದಲವೆಬ್ಬಿಸದೆ, ನಾಟಕದ ಪರಿಚಯ ಪುಸ್ತಿಕೆಯಲ್ಲಿಯೇ ತನ್ನ ಜಾಹೀರಾತು ಹಾಕಿ, ನಾಟಕ ನೋಡಿದವರು ಈಗ ಗ್ರಂಥವನ್ನೂ ಓದಬಹುದೆಂದು ಸೂಚಿಸಿತು. ಜಾಣ ಉತ್ತರವೇ ಸರಿ. ಆದರೆ ಆ ನಾಟಕವನ್ನು ರಚಿಸಿದವರು ಆ ಮತದವರಲ್ಲ. ಕರಾವಳಿಯ ಹಾಸ್ಯಗಾರನಂತೆ ಅವರು ಅಣಕಿಸುವ ಮೊದಲು ಆ ದೇವರಿಗೆ ದೀಪ ಹಚ್ಚಬೇಕಾಗಿರಲಿಲ್ಲ.

ಮಿತಿಗಳು

ಈ ಸ್ವಾತಂತ್ರ್ಯ ಎಲ್ಲ ಕಡೆಗೂ ಒಂದೇ ಸಮನಾಗಿರಲಿಲ್ಲ. ದೈವವನ್ನು, ಅಂದರೆ ಭೂತಾರಾಧನೆಯ ಪಂಜುರ್ಲಿ, ಗುಳಿಗ ಮೊದಲಾದವರನ್ನು, ನಗೆಗಾಗಿ ಅನುಕರಿಸುವುದನ್ನು ಊರು ಒಪ್ಪುವುದಿಲ್ಲ. 2022ರಲ್ಲಿ ಕಾಂತಾರ ಚಲನಚಿತ್ರ ಬಿಡುಗಡೆಯಾದ ಬಳಿಕ ದೈವದ ಕೂಗನ್ನೂ ವೇಷವನ್ನೂ ಸಾರ್ವಜನಿಕವಾಗಿ ಅನುಕರಿಸಿದಾಗ ತುಳುನಾಡಿನಲ್ಲಿ ಬಲವಾದ ಆಕ್ಷೇಪ ಕೇಳಿಬಂತು. ಪುರಾಣದ ದೇವರು ದೊಡ್ಡವನು, ದೂರದವನು. ದೈವವು ಕೋಲದಲ್ಲಿ ಎದುರಿಗೇ ನಿಂತು ಮಾತನಾಡುತ್ತದೆ.

ಇನ್ನೊಂದು ಮಿತಿ ಈ ಸಂಪ್ರದಾಯಕ್ಕೆ ಗೌರವ ತರುವಂಥದಲ್ಲ. ಮೇಲಿನವರನ್ನು ನಗೆಗೀಡು ಮಾಡಿದ ನಾಲಗೆಯೇ ಕೆಳಗಿನವರನ್ನೂ ಬಿಡಲಿಲ್ಲ. ಹಬ್ಬಗಳಲ್ಲಿ ಕೊರಗ ಸಮುದಾಯವನ್ನು ಅಣಕಿಸುವ ವೇಷ ಹಾಕುವ ರೂಢಿಯಿತ್ತು. ಅವರು ಅದನ್ನು ವಿರೋಧಿಸಿದರು. ಆ ಸಮುದಾಯವನ್ನು ಹೀನವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕರ್ನಾಟಕ ಸರಕಾರ 2000ದ ಕಾಯಿದೆಯಿಂದ ನಿಷೇಧಿಸಿತು. ಪುರೋಹಿತನಿಗೆ ಮರುದಿನವೂ ಪೂಜೆ, ದಕ್ಷಿಣೆ, ಮರ್ಯಾದೆಗಳಿದ್ದವು; ಕೊರಗನಿಗೆ ಅವು ಮೊದಲೇ ಇರಲಿಲ್ಲ. ಎರಡು ನಗೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಕಾನೂನಿನ ದೃಷ್ಟಿಯಿಂದ, 1927ರಲ್ಲಿ ಭಾರತೀಯ ದಂಡಸಂಹಿತೆಗೆ ಸೇರಿದ 295ಎ ಕಲಮು ಧಾರ್ಮಿಕ ಭಾವನೆಗಳನ್ನು ಕೆರಳಿಸುವುದನ್ನು ಅಪರಾಧವೆಂದಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯಸಂಹಿತೆಯ 299ನೆಯ ಕಲಮು ಅದರ ಸ್ಥಾನದಲ್ಲಿದೆ. ಉದ್ದೇಶಪೂರ್ವಕ ಮತ್ತು ದ್ವೇಷಭಾವದ ಕೃತ್ಯ ಮಾತ್ರ ಇದರ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ.

ಇಂದಿನ ಸ್ಥಿತಿ

ಹಾಸ್ಯದ ಮೇಲೆ ಕಾನೂನಿಗಿಂತ ಹೆಚ್ಚಿನ ಪರಿಣಾಮ ಬೀರಿದವು ಗಡಿಯಾರ ಮತ್ತು ಮೊಬೈಲ್ ಫೋನು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಹಾಕಿದವು. ಪ್ರೇಕ್ಷಕರ ಅನುಕೂಲವೂ ಸೇರಿ ಹಲವು ಮೇಳಗಳು ಕಾಲಮಿತಿಯ ಆಟಕ್ಕೆ ಹೊರಳಿವೆ. ಬೆಳಗಿನವರೆಗೆ ಹರಡುತ್ತಿದ್ದ ಪ್ರಸಂಗವನ್ನು ಕೆಲವು ಗಂಟೆಗಳಿಗೆ ಇಳಿಸುವಾಗ ಕಥೆಗೆ ಅನಿವಾರ್ಯವಲ್ಲದ ಭಾಗ ಮೊದಲು ಹೋಗುತ್ತದೆ. ಹಾಸ್ಯಗಾರನು ಕಥೆಗೆ ಅನಿವಾರ್ಯನಲ್ಲ. ನಡುರಾತ್ರಿ ದಾಟಿದ ಮೇಲೆ ನಿದ್ದೆಗಣ್ಣಿನ ಪ್ರೇಕ್ಷಕರನ್ನು ಎಬ್ಬಿಸುವ ಅವನ ಕೆಲಸಕ್ಕೆ ಈಗ ಆ ಹೊತ್ತೇ ಇಲ್ಲ.

ಜೊತೆಗೆ, ಹಿಂದೆ ಆ ಅಂಗಳದಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತಿದ್ದ ಮಾತು ಈಗ ತುಣುಕು ವಿಡಿಯೊ ಆಗಿ ಊರೂರು ತಿರುಗುತ್ತದೆ. ಅದರಲ್ಲಿ ಚೌಕಿಯ ಗಣಪತಿ ಕಾಣುವುದಿಲ್ಲ, ಹರಕೆ ಹೊತ್ತ ಮನೆಯವರು ಕಾಣುವುದಿಲ್ಲ. ಕೊನೆಯ ಮಂಗಳವೂ ಇರುವುದಿಲ್ಲ. ಬ್ರಾಹ್ಮಣ ವೇಷದವನೊಬ್ಬ ಮಂತ್ರವನ್ನು ಹಾಸ್ಯ ಮಾಡುವ ಒಂದು ನಿಮಿಷ ಮಾತ್ರ ಇರುತ್ತದೆ. ಕಲಾವಿದರು ಈಗ ಎದುರಿಗೆ ಕುಳಿತವರನ್ನಷ್ಟೇ ಅಲ್ಲದೆ, ಎಲ್ಲಿಯೋ ಕುಳಿತು ನೋಡುವವರನ್ನೂ ಎಣಿಸಿಕೊಂಡು ಮಾತನಾಡಬೇಕಾಗಿದೆ. ಇಂತಹ ಅಳುಕು ಕಡಿಮೆಯಿರುವ ಮನೆಯ ಚಾವಡಿಯ ತಾಳಮದ್ದಳೆಗಳಲ್ಲಿ ವಾಲಿಯು ಇಂದಿಗೂ ರಾಮನನ್ನು ಪ್ರಶ್ನಿಸುತ್ತಿದ್ದಾನೆ. ಅದು ಆಟಿ ತಿಂಗಳ ಮಳೆಯಲ್ಲಿ, ಹೊರಗೆ ಫೋನಿನ ಸಂಪರ್ಕ ಸರಿಯಾಗಿ ಸಿಗದ ಕಡೆಗಳಲ್ಲಿ ಇನ್ನೂ ಚೆನ್ನಾಗಿ ನಡೆಯುತ್ತದೆ.